ನನ್ನ ಮದುವಿಗೆ ಬಂದ ತುಫಾನು

ಸಮುದ್ರಾನ ನಾನು ಇವತ್ತಿಗೂ ಕಣ್ಣಾರೆ ನೋಡಿಲ್ಲ. ಆದ್ರ ಅದು ಕರೀದಿದ್ರೂ ನನ್ನ ಮದುವಿಗೆ ಬಂದಿತ್ತು. ಬಂಗಾಳ ಕೊಲ್ಲಿಯಾಗ ತುಫಾನು ಎದ್ದೈತಿ ಅಂತ ಟೀವಿಯಾಗ ಬಂದಾಗೆಲ್ಲ, ಬಳ್ಳಾರಿ ಪಾರ್ವತಿನಗರದ ನಮ್ಮ ಮನಿಯಾಗ ಕುಂತು ನಮ್ಮ ಯಜಮಾನ್ರು "ನಿಮ್ಮ ಬೀಗರು ಹೊಂಟಾರ ನೋಡು" ಅಂತ ನಗತಾರ.

ನನ್ನ ತವರುಮನಿ ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿ. ಕಾಲುವಿ ನೀರಿನ ಊರು, ಕಣ್ಣು ಹಾಯಿಸಿದಷ್ಟೂ ಭತ್ತ. ಭತ್ತಕ್ಕ ನಾವು ನೆಲ್ಲು ಅಂತೀವಿ. ಕಾರ್ತೀಕ ಮುಗಿಯೋ ಹೊತ್ತಿಗೆ ಮಶೀನು ಕೊಯ್ದು ಸುರುವಿದ ನೆಲ್ಲನ್ನ ಡಾಂಬರು ರೋಡಿನ ಮ್ಯಾಲ ಒಣ ಹಾಕ್ತೀವಿ. ಬಸ್ಸಿನ ಡ್ರೈವರ್ ಬೈಕೊಂತ ಒಂದು ಗಾಲಿ ಅದರ ಮ್ಯಾಲ ಹಾಯಿಸ್ಕೊಂಡು ಹೋಗ್ತಾನ. ನಾವೂ ಬೈತೀವಿ. ಇಬ್ಬರಿಗೂ ಅದು ರೂಢಿ ಆಗೇತಿ.

ಮದುವಿಗಳೂ ಅದೇ ಹೊತ್ತಿಗೆ. ನಮ್ಮ ಓಣಿಯಾಗ ಮದುವಿ ಹಂದರಕ್ಕ ಯಾರೂ ಬಾಡಿಗಿ ಶಾಮಿಯಾನ ತರೂದಿಲ್ಲ. ಮನಿಗೊಂದು ತಾಡಪತ್ರಿ ತಂದು, ಅವರವರ ಕೈಯಾರ ಕಟ್ಟಿ ಹೋಗ್ತಾರ. ರಾಶಿಗೆ ಹೊದಿಸೋ ಅದೇ ತಾಡಪತ್ರಿ. ಒಂದೇ ಕಟ್ಟುನಿಟ್ಟು: ಕಟ್ಟಿದ ಗಂಟು ಮದುವಿ ಮುಗಿಯೋತನಕ ಬಿಚ್ಚಬಾರದು. ಬಿಚ್ಚಿದ್ರ ಅಪಶಕುನ ಅಂತ ನಮ್ಮ ಹಿರೇರು ಕಣ್ಣು ದೊಡ್ಡದು ಮಾಡ್ತಿದ್ರು.

ಮದುವಿಗೆ ಎರಡು ದಿನ ಐತಿ ಅನ್ನೂವಾಗ ನೆಲ್ಲೂರು ಕಡೀಲಿಂದ ನಮ್ಮ ಸೋದರಮಾವ ಅಪ್ಪಗ ಫೋನು ಮಾಡಿದ. "ಬಾವಾ, ತುಫಾನು ವಸ್ತೋಂದಿ, ಜಾಗ್ರತ್ತ!" ಅಂದ, ತುಫಾನು ಬರಾಕ ಹತ್ತೈತಿ, ಹುಷಾರು ಅಂತ ಅವನ ತೆಲುಗಿನಾಗ. ನಮ್ಮಪ್ಪ ಎಲೆ ಅಡಿಕಿ ಜಗಿಕೊಂತ, "ಅದು ನಿಮ್ಮ ಸಮುದ್ರಕ್ಕ ಬರತೈತಪಾ, ನಮ್ಮ ಕಾಲುವಿಗೆ ಬರೂದಿಲ್ಲ" ಅಂತ ಫೋನು ಇಟ್ಟ. ಇಡೀ ಓಣಿ ಆ ಮಾತಿಗೆ ನಕ್ಕಿತು. ನಾನೂ ನಕ್ಕಿದ್ನಿ, ಸುಳ್ಳು ಯಾಕ ಹೇಳಲಿ.

ಮದುವಿ ದಿನ ಬೆಳಕು ಹರಿದಾಗಲೇ ಮುಗಿಲು ಬೂದಿ ಬಣ್ಣಕ್ಕ ತಿರುಗಿತ್ತು. ಕುರುಗೋಡಿಂದ ಗಂಡಿನ ಕಡೇರು ಎರಡು ಟೆಂಪೋದಾಗ ಬಂದು ಇಳಿಯೂದಕ್ಕೂ ಗಾಳಿ ಬೀಸೂದಕ್ಕೂ ಸರಿ ಹೋತು. ಬಾಗಿಲಿನ ಬಾಳಿಕಂಬ ಮಕಾಡೆ ಬಿತ್ತು. ಹಿಂದೇ ಮಳಿ, ಏನು ಮಳಿ ಅಂತೀರಿ! ಕೊಡ ಬೋರಲು ಹಾಕಿದಂಗ. ಆದ್ರ ಹಂದರದೊಳಗ ಒಂದು ಹನಿ ಇಲ್ಲ. "ಭಲೇ ಕಟ್ಯಾರ್ರೀ" ಅಂತ ಬೀಗರು ಮ್ಯಾಲ ನೋಡಿ ನೋಡಿ ಹೊಗಳಿದ್ದೇ ಹೊಗಳಿದ್ದು.

ನಮ್ಮ ಓಣಿಯವರು ಮಾತ್ರ ಹಂದರದ ಅಂಚಿಗೆ ಸಾಲಾಗಿ ನಿಂತು ರೋಡಿನ ಕಡಿ ನೋಡಾಕ ಹತ್ತಿದ್ರು. ಎಲ್ಲಾರ ರಾಶಿನೂ ಅಲ್ಲಿ ಬೆತ್ತಲೆ ಬಿದ್ದಿತ್ತು, ಎಲ್ಲಾರ ತಾಡಪತ್ರಿನೂ ನಮ್ಮ ತಲಿ ಮ್ಯಾಲಿತ್ತು. ನೆಂದ ನೆಲ್ಲು ಎರಡೇ ದಿನಕ್ಕ ಮೊಳಕಿ ಒಡಿತೈತಿ, ಮಿಲ್ಲಿನೋರು ಮೂಸಿ ನೋಡಿ ವಾಪಸ್ ಕಳಿಸ್ತಾರ. ಹಂಗಿದ್ರೂ ಒಬ್ಬರ ಬಾಯಿಂದ "ನಮ್ಮದು ಕೊಡ್ರಿ" ಅನ್ನೋ ಮಾತಿಲ್ಲ.

ಬಾಸಿಂಗ ಕಟ್ಟಿಕೊಂಡು ಮಣಿ ಮ್ಯಾಲ ಕುಂತಿದ್ದ ನಾನು ಹಂಗೇ ಮ್ಯಾಲ ನೋಡಿದ್ನಿ. ನನ್ನ ನೆತ್ತಿ ಮ್ಯಾಲಿದ್ದದ್ದು ಯೂರಿಯಾ ಚೀಲದ ತ್ಯಾಪಿ ಹಾಕಿದ ನೀಲಿ ತಾಡಪತ್ರಿ. ಅದು ಎದುರುಮನಿ ಅಕ್ಕಂದು. ಗಂಡ ತೀರಿಕೊಂಡು ನಾಕು ವರ್ಷ ಆದಮ್ಯಾಲ ಆ ವರ್ಷ ಮೊದಲನೇ ಸಲ ತಾನೇ ಗದ್ದಿಗಿಳಿದು, ಎರಡು ಎಕರೆ ಪಾಲಿಗೆ ಮಾಡಿ ಬೆಳೆದಿದ್ಲು. ಆ ರಾಶಿ ಬಿಟ್ರ ಆಕಿ ಮನಿಗೆ ವರ್ಷಕ್ಕೆಲ್ಲ ಬ್ಯಾರೆ ಏನೂ ಇದ್ದಿಲ್ಲ. ತಾಡಪತ್ರಿ ಕಟ್ಟೂವಾಗ, "ಮದುಮಗಳ ಮ್ಯಾಲ ಹನಿ ಬೀಳಬಾರದು, ನಂದು ಇಲ್ಲೇ ಇರಲಿ" ಅಂತ ಜಗಳ ಮಾಡಿ ನಡುವ ಕಟ್ಟಿದ್ಲು.

"ಯಕ್ಕಾ, ನಿನ್ನ ನೆಲ್ಲು?" ಅಂತ ಕುಂತಲ್ಲಿಂದನ ಕೇಳಿದ್ನಿ.

"ಇರಲಿ ಬಿಡವ್ವ, ಶುಭಕಾರ್ಯ ನಡದೈತಿ. ಮಳಿ ನಿಂತೀತು" ಅಂದ್ಲು. ಅನ್ನೂವಾಗ ಸೆರಗಿನ ತುದಿ ಬಾಯಾಗಿತ್ತು, ಕಣ್ಣು ರೋಡಿನ ಮ್ಯಾಲಿತ್ತು.

ನಂದು ಮೊದಲೇ ಮೂಗಿನ ಮ್ಯಾಲ ಸಿಟ್ಟು. ನಮ್ಮವ್ವ ಹಿಂದಿನ ದಿನ, "ನಾಳೆ ಒಂದಿನ ಉಣ್ಣಾಕಷ್ಟೇ ಬಾಯಿ ತೆರಿ" ಅಂತ ಆಣಿ ಹಾಕಿಸಿಕೊಂಡಿದ್ಲು. ಎಲ್ಲಿ ಆಣಿ! ಆಕಿ ಅನ್ನ ನೆನಿಯಾಕ ಹತ್ತೈತಿ, ನಾನು ಬೆಚ್ಚಗ ಕುಂತೀನಿ. ನನ್ನ ಮ್ಯಾಲ ನನಗ ನಾಚಿಗಿ ಬಂತು, ಅಪ್ಪನ ಮ್ಯಾಲ ಸಿಟ್ಟು ಬಂತು. ಎದ್ದು ನಿಂತು, "ಬಿಚ್ರಿ ಹಂದರ! ಎಲ್ಲಾ ತಾಡಪತ್ರಿ ಇಳಿಸ್ರಿ!" ಅಂತ ಒದರಿದ್ನಿ.

ಓಲಗ ನಿಂತು ಹೋತು. "ಅಯ್ಯ ಶಿವನ, ಹುಡುಗಿಗೆ ತಲಿ ಕೆಟ್ಟೈತಿ" ಅಂತ ನಮ್ಮ ಸೋದರತ್ತಿ ಹಣಿ ಬಡಕೊಂಡ್ಲು. ಅವ್ವ ನನ್ನ ತೋಳು ಚಿವುಟಿದ್ಲು. ಎಲ್ಲಾರೂ ಗಂಡಿನ ತಾಯಿ ಮುಖ ನೋಡಿದ್ರು. ಮದುವಿ ಇಲ್ಲಿಗೇ ಮುಗೀತು, ಟೆಂಪೋ ಹಿಂದಕ ಹೊಳ್ಳತಾವು ಅಂದುಕೊಂಡ್ನಿ.

ಗಂಡಿನ ತಾಯಿ, ಅಂದ್ರ ನಮ್ಮತ್ತಿ, ನಿಧಾನಕ್ಕ ಎದ್ದು ಸೀರಿ ಸೊಂಟಕ್ಕ ಸಿಗಿಸಿದ್ರು. "ನಾನು ಕಣದ ತುಂಬ ಮೆಣಸಿನಕಾಯಿ ಹರವಿ ಬಂದೀನಿ. ಮಳಿ ಶುರುವಾದಾಗಿಂದ ನನ್ನ ಜೀವ ಕುರುಗೋಡಿನಾಗ ಐತಿ. ಬೀಗರ ಮನಿಯಾಗ ಹೆಂಗ ಬಾಯಿ ಬಿಡೂದು ಅಂತ ಸುಮ್ಮನಿದ್ದೆ. ಒಂದು ಕುಡಗೋಲು ಕೊಡ್ರಿ" ಅಂದ್ರು. ಹಿರೇರೊಬ್ಬರು ನಡುವ ಬಂದು, "ಗಂಟು ಬಿಚ್ಚಬಾರದು ತಾಯಿ" ಅಂದ್ರ, "ಬಿಚ್ಚಬಾರದು ಅಂದೀರಿ, ಕೊಯ್ಯಬಾರದು ಅಂದಿಲ್ಲಲ್ಲ!" ಅಂತ ಮೊದಲನೇ ಹಗ್ಗ ಕರಕ್ ಅಂತ ಕೊಯ್ದೇಬಿಟ್ರು.

ಆಮ್ಯಾಲ ಯಾರನ್ನ ಯಾರು ಹಿಡಿಯೋರು! ಓಣಿಗೆ ಓಣಿನೇ ತಾಡಪತ್ರಿ ಹೊತ್ತು ರೋಡಿಗೆ ಓಡಿತು. ಬೀಗರ ಕಡೇರು ಬಿಳಿ ಪಂಚಿ ಮ್ಯಾಲ ಕಟ್ಟಿ ಸಲಿಕಿ ಹಿಡಿದ್ರು. ನಾನು ಅಕ್ಕನ ನೀಲಿ ತಾಡಪತ್ರಿಯ ಒಂದು ತುದಿ ಹಿಡಿದು ಓಡಾಕ ಹತ್ತಿದ್ರ ಇನ್ನೊಂದು ತುದಿ ಯಾರೋ ಜಗ್ಗತಿದ್ರು. ತಿರುಗಿ ನೋಡಿದ್ನಿ, ಮದುಮಗ! ರೇಷ್ಮಿ ಪಂಚಿ ಮೊಣಕಾಲಿಗೆ ಅಂಟಿತ್ತು, ಬಾಸಿಂಗ ಕಿವಿ ಮ್ಯಾಲ ಜಾರಿತ್ತು.

"ಆ ಕಡಿ ಜಗ್ಗು!" ಅಂದ್ರು.

"ಮೊದಲು ತುದಿಗೆ ಕಲ್ಲಿಡ್ರಿ, ಗಾಳಿ ಹೊಡಕೊಂಡು ಹೋಗ್ತೈತಿ!" ಅಂತ ನಾನು ಒದರಿದ್ನಿ.

ನಾವಿಬ್ಬರೂ ಒಬ್ಬರಿಗೊಬ್ಬರು ಆಡಿದ ಮೊದಲನೇ ಮಾತು ಅದು. ಕಲ್ಲು ಸಾಲಲಿಲ್ಲ. ಧಾರಿ ಸೀರಿ ಉಟ್ಟಕೊಂಡು ನಾನೇ ಒಂದು ಮೂಲಿ ಮ್ಯಾಲ ಕುಂತುಬಿಟ್ನಿ. ಅವರು ಇನ್ನೊಂದು ಮೂಲಿ ಮ್ಯಾಲ ಕುಂತು, ನನ್ನ ನೋಡಿ ಬಿದ್ದು ಬಿದ್ದು ನಕ್ಕರು. ನನಗೂ ತಡಿಯಾಕ ಆಗಲಿಲ್ಲ. ಅಷ್ಟು ಸಂತೋಷ ನನಗ ಜನ್ಮದಾಗ ಆಗಿದ್ದಿಲ್ಲ.

ಅತ್ತಿ ಅಷ್ಟರಾಗ ಕುರುಗೋಡಿಗೆ ಫೋನು ಹಚ್ಚಿದ್ರು. ಪಕ್ಕದ ಹೊಲದವ, "ಆಗಲೇ ಮುಚ್ಚೀನಿ ಯವ್ವಾ, ನೀವು ಮದುವಿ ಮಾಡ್ರಿ" ಅಂದನಂತ. ಇತ್ಲಾಗ ಎದುರುಮನಿ ಅಕ್ಕ ತಾಡಪತ್ರಿ ಕೆಳಗ ನುಗ್ಗಿ, ರಾಶಿಯೊಳಗ ಮೊಣಕೈತನಕ ಕೈ ಹಾಕಿದ್ಲು. ಆಕಿ ಒಂದು ಹಿಡಿ ನೆಲ್ಲು ಹೊರಗ ತೆಗೆದು ಕೆನ್ನಿಗೆ ಒತ್ತಿಕೊಂಡ್ಲು. "ಒಣಾ ಐತಿ! ಒಳಗ ಬೆಚ್ಚಗ ಒಣಾ ಐತಿ!" ಅಂತ ಅತ್ತುಕೊಂತ ನಕ್ಕಳು. ಮ್ಯಾಲಿನ ಒಂದು ಪದರು ಅಷ್ಟೇ ನೆಂದಿತ್ತು.

ಆಗ ಮದುವಿ ಮಾಡಿಸಾಕ ಬಂದಿದ್ದ ಅಯ್ನೋರು ಛತ್ರಿ ಹಿಡಕೊಂಡು ಓಡಿಕೊಂತ ಬಂದ್ರು. "ಮುಹೂರ್ತ ಹೊಂಟೈತಿ ಮಾರಾಯ್ರ! ಎಲ್ಲೈತಿ ಹಂದರ?" ಅಂದ್ರು. ಹಂದರದಾಗ ಬರೇ ಕಂಬ ನಿಂತಿದ್ವು. ನಮ್ಮತ್ತಿ ಒಂದೇ ಮಾತಿನಾಗ ಮುಗಿಸಿದ್ರು: "ಇಲ್ಲೇ ಕಟ್ಟಿಸ್ರಿ."

ನಾಲ್ಕು ಮಂದಿ ನೀಲಿ ತಾಡಪತ್ರಿಯ ಅಂಚು ಎತ್ತಿ ಹಿಡಿದ್ರು. ನಾವಿಬ್ಬರೂ ರಾಶಿಗೆ ಆನಿಕೊಂಡು ಕುಂತ್ವಿ. ಅಯ್ನೋರು ತಾಳಿ ಎತ್ತಿ ಕೊಟ್ಟು, "ಅಕ್ಕಿಕಾಳು ತರ್ರಿ" ಅಂದ್ರ, ಅಕ್ಷತಿ ಹಾಕಾಕ ಇಟ್ಟಿದ್ದ ಅಕ್ಕಿಕಾಳಿನ ಪರಾತ ಹಂದರದಾಗ ಮಳಿಗೆ ಸಿಕ್ಕು ಗಂಜಿ ಆಗಿತ್ತು.

ಅತ್ತಿ ಎದುರುಮನಿ ಅಕ್ಕನ ಕಡಿ ತಿರುಗಿದ್ರು. ಆಕಿ ಕೈಯಾಗ ಆ ಹಿಡಿ ನೆಲ್ಲು ಇನ್ನೂ ಹಂಗೇ ಇತ್ತು. "ನೀ ಹಾಕವ್ವ ಮೊದಲು" ಅಂದ್ರು.

ಅಕ್ಕ ಎರಡು ಹೆಜ್ಜಿ ಹಿಂದಕ ಸರಿದ್ಲು. ಗಂಡ ಸತ್ತ ಹೆಂಗಸಿನ ಕೈಯಾಗ ಅಕ್ಕಿಕಾಳು ಕೊಡೂದಿಲ್ಲ ನಮ್ಮ ಕಡಿ. ನಾಕು ವರ್ಷದಿಂದ ಆಕಿ ಎಲ್ಲಾ ಮದುವಿಯಾಗೂ ರೊಟ್ಟಿ ಬಡಿದು, ತಾಳಿ ಕಟ್ಟೂವಾಗ ಹಿತ್ತಲಕ್ಕ ಹೋಗಿ ನಿಲ್ಲತಿದ್ಲು. ನಾನು ಅತ್ತಿ ಮುಖ ನೋಡಿದ್ನಿ. ಅವರು ಅಲ್ಲಾಡಲಿಲ್ಲ. "ನಿನ್ನ ತಾಡಪತ್ರಿ, ನಿನ್ನ ನೆಲ್ಲು. ನೀ ಹಾಕದ ನನ್ನ ಮಗ ತಾಳಿ ಕಟ್ಟೂದಿಲ್ಲ" ಅಂದ್ರು.

ಅಕ್ಕ ಹತ್ರ ಬಂದ್ಲು. ಎಸೀಲಿಲ್ಲ, ನನ್ನ ತಲಿ ಮ್ಯಾಲ ಮೆತ್ತಗ ಸುರುವಿದ್ಲು. ಆ ನೆಲ್ಲು ಇನ್ನೂ ಬೆಚ್ಚಗಿತ್ತು. ತಾಳಿ ಬಿತ್ತು. ಓಣಿಗೆ ಓಣಿನೇ ರಾಶಿಗೆ ಕೈ ಹಾಕಿ ಹಿಡಿ ಹಿಡಿ ಎರಚಾಕ ಶುರು ಮಾಡಿತು. ಕಣ್ಣಾಗ ಇನ್ನೂ ನೀರು ತುಂಬಿಕೊಂಡಿದ್ದ ಅಕ್ಕ, ಎರಡೂ ಕೈ ಅಡ್ಡ ಹಿಡಿದು ಕೂಗಿದ್ಲು: "ಲೇ, ಸಾಕು ಬಿಡ್ರಲೇ! ಮಳಿಯಿಂದ ಉಳಿಸಿ ನೀವೇ ಮುಗಿಸ್ತೀರೇನು?"