ಅಧ್ಯಕ್ಷರ ಚಪ್ಪಲಿ ಸರದಿಯಲ್ಲಿ

ಚಿನಕುರಳಿ ಕಡೆಯ ಹುಣಸೆಕೊಪ್ಪಲಿನ ಮರಿಸ್ವಾಮಿಯವರು ಫೋನೆತ್ತಿದರೆ ‘ಹಲೋ’ ಎನ್ನುತ್ತಿರಲಿಲ್ಲ, ‘ಅಧ್ಯಕ್ಷರು ಮಾತಾಡ್ತಾ ಇರೋದು’ ಎನ್ನುತ್ತಿದ್ದರು. ಗ್ರಾಮ ಪಂಚಾಯಿತಿಗೆ ಅವರು ಅಧ್ಯಕ್ಷರು. ಊರಿನ ಕೃಷಿ ಪತ್ತಿನ ಸಹಕಾರ ಸಂಘಕ್ಕೆ, ಅಂದರೆ ಎಲ್ಲರ ಬಾಯಲ್ಲಿ ಸೊಸೈಟಿಗೆ, ನಿರ್ದೇಶಕರೂ ಹೌದು. ಹೆಂಡತಿ ಅನಿತ ಫೋನು ಮಾಡಿದರೂ ಅದೇ ಮಾತು.

“ಪಂಚಾಯ್ತಿ ಅಧ್ಯಕ್ಷ್ರೋ, ಸೊಸೈಟಿ ಡೈರೆಕ್ಟ್ರೋ? ಯಾರಾದ್ರೂ ಸರಿ, ಬತ್ತಾ ಒಂದು ಕಟ್ಟು ಕೊತ್ತಂಬ್ರಿ ತಕ್ಕಬನ್ನಿ.”

ತರುತ್ತಿದ್ದರು. ಮಳೆಗೆ ಗೋಡೆ ಕುಸಿದವರ ಮನೆಯ ಮುಂದೆ ಮೊದಲು ಬಂದು ನಿಲ್ಲುತ್ತಿದ್ದವರು ಅವರೇ. ಬೆಳೆ ಸಾಲದ ಅರ್ಜಿ ವಾಪಸು ಬಂದರೆ ಆ ರೈತನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಪಾಂಡವಪುರಕ್ಕೆ ಓಡುತ್ತಿದ್ದವರೂ ಅವರೇ. ಆದ ಕೆಲಸವನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು ಅನ್ನುವುದೊಂದೇ ಕಷ್ಟ.

ಅವರಿಗೊಂದು ಆಸೆಯಿತ್ತು. ದಸರೆಯ ಹೊತ್ತಿಗೆ ಸೊಸೈಟಿಯ ಅಧ್ಯಕ್ಷರ ಕುರ್ಚಿ ಖಾಲಿಯಾಗಲಿತ್ತು. ಹಿರಿಯ ನಿರ್ದೇಶಕ ನಂಜಪ್ಪನವರು “ಈ ಸಲ ನೀನೇ ಕಣ್ಲಾ” ಎಂದಿದ್ದರು. ಅವರು ಹೂಂ ಅಂದರೆ ಉಳಿದ ನಿರ್ದೇಶಕರೂ ಹೂಂ. ಮರಿಸ್ವಾಮಿಯವರು ಎರಡೆರಡು ಅಧ್ಯಕ್ಷಗಿರಿ ಒಂದೇ ಲೆಟರ್‌ಹೆಡ್ಡಿನಲ್ಲಿ ಹಿಡಿಸುತ್ತದೆಯೇ ಎಂದು ಪ್ರೆಸ್ಸಿನವನನ್ನು ಕೇಳಿಯೂ ಬಂದಿದ್ದರು.

ಅಷ್ಟರಲ್ಲಿ ಯೂರಿಯಾಕ್ಕೆ ಬರ ಬಂತು. ನಾಟಿ ಮುಗಿದು ಭತ್ತಕ್ಕೆ ಗೊಬ್ಬರ ಬೇಕಾದ ಹೊತ್ತಿನಲ್ಲೇ ಸೊಸೈಟಿಯ ಲಾರಿ ಅರ್ಧ ತುಂಬಿಕೊಂಡು ಬರತೊಡಗಿತು. ಸೊಸೈಟಿಯ ಮುಂದೆ ಜನ ನಿಲ್ಲುವುದಿಲ್ಲ, ಅವರ ಚಪ್ಪಲಿ ನಿಲ್ಲುತ್ತವೆ. ಬೆಳಗ್ಗೆ ಬಂದು ಸಾಲಿನಲ್ಲಿ ಚಪ್ಪಲಿ ಬಿಟ್ಟು ಬೇವಿನ ನೆರಳಿಗೆ ಹೋದರಾಯಿತು, ಸರದಿ ಭದ್ರ. ಎಂಥ ಸವೆದ ಹವಾಯಿಯನ್ನೂ ಯಾರೂ ಹಿಂದಕ್ಕೆ ತಳ್ಳುವುದಿಲ್ಲ. ನಿರ್ದೇಶಕರ ಕ್ರಮ ಮಾತ್ರ ಬೇರೆ. ಶೆಟರು ಏಳುವ ಮುಂಚೆಯೇ ಅವರ ಮೂಟೆಗಳು ಹಿಂಬಾಗಿಲಿನಿಂದ ಟ್ರಾಕ್ಟರು ಏರುತ್ತಿದ್ದವು. ಇದನ್ನು ಯಾವ ಸಭೆಯೂ ತೀರ್ಮಾನಿಸಿರಲಿಲ್ಲ, ಯಾವ ಸಭೆಯೂ ಪ್ರಶ್ನಿಸಿರಲಿಲ್ಲ.

ಆವತ್ತು ಮರಿಸ್ವಾಮಿಯವರೂ ಹಿಂಬಾಗಿಲ ಕಡೆಗೇ ಹೊರಟಿದ್ದರು. ಹಿಂದಿನ ಎರಡು ಲೋಡಿಗೂ ಕಾದು ಬರಿಗೈಯಲ್ಲಿ ಹೋಗಿದ್ದ ಮುದುಕಿ ಪುಟ್ಟತಾಯಮ್ಮ ಬೇವಿನ ಕೆಳಗಿಂದ ಕೂಗಿದಳು:

“ಅಧ್ಯಕ್ಷ್ರೇ, ಎಲ್ರ ಚಪ್ಲೀನೂ ಐತೆ, ನಿಮ್ದೇ ಕಾಣೆ?”

“ನಂದೂ ಐತೆ ದೊಡ್ಡವ್ವ, ಕಾಲಲ್ಲಿ.”

“ಕಾಲಲ್ಲಿರೋ ಚಪ್ಲಿಗೆ ಇಂದ್ಗಡೆ ಬಾಗ್ಲಲ್ಲಿ ಗೊಬ್ರ ಕೊಡ್ತಾರೆ ಬುಡಪ್ಪ, ನಮ್ಗೊತ್ತಿಲ್ವಾ?”

ನೆರಳಿನಲ್ಲಿದ್ದವರೆಲ್ಲ ಗೊಳ್ಳೆಂದರು. ಬೈಗುಳವನ್ನಾದರೂ ನುಂಗುತ್ತಿದ್ದ ಮರಿಸ್ವಾಮಿಯವರಿಗೆ ನಾಲ್ಕು ಜನರೆದುರು ನಗೆಪಾಟಲಾಗುವುದು ಮಾತ್ರ ಆಗುತ್ತಿರಲಿಲ್ಲ. ಭಾಷಣಕ್ಕೆ ನಿಲ್ಲುವ ಠೀವಿಯಲ್ಲಿ ನಡೆದು ಹೋಗಿ, ಮೈಸೂರಿನಿಂದ ತಂದಿದ್ದ ಹೊಸ ಚರ್ಮದ ಚಪ್ಪಲಿಯನ್ನು ಸಾಲಿನ ಕೊನೆಯಲ್ಲಿ ಕಳಚಿಟ್ಟರು. ಚಪ್ಪಾಳೆ ಬೀಳಬಹುದೆಂದು ಒಂದು ಗಳಿಗೆ ಕಾದರು. ಬೀಳಲಿಲ್ಲ.

ಸೊಸೈಟಿಯ ಕಾರ್ಯದರ್ಶಿ ಸಿದ್ದರಾಮು ಒಳಗಿಂದ ತಲೆ ಹಾಕಿದ. “ಅಣ್ಣ, ನಂಜಪ್ಪಣ್ಣೋರ ಟ್ರಾಕ್ಟರು ಬಂದೈತೆ. ಇಂದ್ಗಡೆ ಬಾಗ್ಲು ತೆಗೀಲಾ?”

ತಾವು ಮಾಡಿದ್ದೇನು ಎಂಬುದು ಮರಿಸ್ವಾಮಿಯವರಿಗೆ ಹೊಳೆದದ್ದು ಆಗ. ಬಾಗಿಲು ತೆಗೆಸಿದರೆ ಸೊಸೈಟಿಯ ಕುರ್ಚಿ ಕೈಗೆ ಬರುತ್ತದೆ. ಆದರೆ ಪುಟ್ಟತಾಯಮ್ಮನ ಗದ್ದೆ ಪಂಚಾಯಿತಿಗೆ ಹೋಗುವ ದಾರಿಯಲ್ಲೇ ಇತ್ತು, ಅದರ ಪೈರು ಹಳದಿಗೆ ತಿರುಗುತ್ತಿದ್ದುದನ್ನು ಅವರು ದಿನಾ ನೋಡುತ್ತಿದ್ದರು.

“ಬೇಡ. ಡೈರೆಕ್ಟ್ರುಗಳೂ ಚಪ್ಲಿ ಬುಡ್ಲಿ.”

ಸುದ್ದಿ ಕೇಳಿ ನಂಜಪ್ಪನವರು ಕಟ್ಟಡ ಸುತ್ತಿಕೊಂಡು ಬಂದರು. “ಏನ್ಲಾ ಮರಿಸ್ವಾಮಿ, ತಲೆಗಿಲೆ ಕೆಟ್ಟೈತಾ? ಕುರ್ಚಿ ಬೇಡ್ವಾ ನಿಂಗೆ?”

“ಬೇಕು ನಂಜಪ್ಪಣ್ಣ, ಬೋ ಬೇಕು.” ದನಿ ಸಣ್ಣಗಾಗಿತ್ತು. “ಆದ್ರೆ ಚಪ್ಲಿ ಬುಟ್ಟಾಗೋಯ್ತು.”

ನಂಜಪ್ಪನವರು ಖಾಲಿ ಟ್ರಾಕ್ಟರು ತಿರುಗಿಸಿಕೊಂಡು ಹೋದರು. ಮರಿಸ್ವಾಮಿಯವರು ಕಾದ ಟಾರಿನ ಮೇಲೆ ಕುಣಿಯುತ್ತ ಪಂಚಾಯಿತಿಗೆ ಹೋಗಿ, ಬರಿಗಾಲನ್ನು ಕುರ್ಚಿಯಡಿ ಬಚ್ಚಿಟ್ಟುಕೊಂಡು ಆ ದಿನದ ಸಭೆಯ ಅಧ್ಯಕ್ಷತೆ ವಹಿಸಿದರು. ಸಂಜೆಗೆ ಬಂದು ನೋಡಿದರೆ ಪುಟ್ಟತಾಯಮ್ಮನಿಗೆ ಮೂಟೆ ಸಿಕ್ಕಿತ್ತು. ಅಧ್ಯಕ್ಷರ ಚಪ್ಪಲಿಯ ಸರದಿ ಬರುವುದಕ್ಕೆ ಮೊದಲೇ ಗೊಬ್ಬರ ಮುಗಿದಿತ್ತು.

“ನಮ್ಮ ಭತ್ತಕ್ಕೇನು, ನಿಮ್ಮ ಭಾಷಣ ಎರಚೋದಾ?” ಎಂದಳು ಅನಿತ. ಬೈಯುತ್ತಲೇ ಬೊಬ್ಬೆಯೆದ್ದ ಅಂಗಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು.

ಚುನಾವಣೆಯ ದಿನ ಅವರ ಪರವಾಗಿ ಎದ್ದದ್ದು ಒಂದೇ ಕೈ, ಅದು ಅವರದೇ. ನಂಜಪ್ಪನವರು ಅಧ್ಯಕ್ಷರಾದರು. ಮರಿಸ್ವಾಮಿಯವರು ಗಂಟಲು ಸರಿಮಾಡಿಕೊಂಡು ಅಭಿನಂದನೆಯ ಮಾತಾಡಿದರು, ಉದ್ದವಾಗಿಯೇ. ಮನೆಗೆ ಬಂದು ಊಟ ಬೇಡವೆಂದು ಮಲಗಿದರು.

ಮುಂದಿನ ಲೋಡು ಬಂದಾಗ ಹೊಸ ಅಧ್ಯಕ್ಷರ ಟ್ರಾಕ್ಟರು ಹಿಂಬಾಗಿಲಿಗೆ ತಿರುಗಿತು. ಯಾರೂ ಜಗಳ ತೆಗೆಯಲಿಲ್ಲ. ಬೇವಿನಡಿ ಇದ್ದವರೆಲ್ಲ ಎದ್ದು ಸುಮ್ಮನೆ ನೋಡುತ್ತ ನಿಂತರು. ನಂಜಪ್ಪನವರು ಇಳಿದರು, ಕೆಮ್ಮಿದರು, ಪಂಚೆ ಸರಿಮಾಡಿಕೊಂಡರು. “ಬೀಗ ಅಂಗೇ ಇರ್ಲಿ ಬುಡ್ಲಾ ಸಿದ್ದ” ಎಂದು ಗೊಣಗಿ, ಸಾಲಿನ ಕೊನೆಗೆ ಹೋಗಿ ಚಪ್ಪಲಿ ಕಳಚಿದರು.

ಮರಿಸ್ವಾಮಿಯವರು ಆಗ ನೆರಳಿನಲ್ಲಿ ನಿಂತು, ಬಸ್ಸಿಗೆ ಕಾಯುತ್ತಿದ್ದ ಯಾರೋ ಪರಸ್ಥಳದವನಿಗೆ ವಿವರಿಸುತ್ತಿದ್ದರು: “ಈ ಪದ್ಧತಿ ಜಾರಿಗೆ ಬಂದದ್ದು ನಮ್ಮ ನೇತೃತ್ವದಲ್ಲಿ.”

ಆತ ನಂಬಲೋ ಬೇಡವೋ ಎಂಬಂತೆ ಪಕ್ಕದಲ್ಲಿ ಕೂತಿದ್ದ ಪುಟ್ಟತಾಯಮ್ಮನ ಮುಖ ನೋಡಿದ.

“ದಿಟ ಕಣಪ್ಪ,” ಎಂದಳು ಆಕೆ ಎಲೆಅಡಿಕೆ ಮಡಚುತ್ತ. “ಇವ್ರೇ ತಂದದ್ದು.”