ಖಾಕಿ ಕಾಗದದಡಿಯ ಆಕಾಶ

ನಿವೃತ್ತಿಯಾದ ಮೇಲೂ ಸೀರೆಗೆ ಪಿನ್ನು ಹಾಕಿಕೊಂಡೇ ಕಾಫಿ ಕುಡಿಯುವವಳು ನಾನು. ಚಳ್ಳಕೆರೆಯಿಂದ ಮೊದಲ ಬಸ್ಸಿಗೆ ಹೊರಟು, ದೇವಸಮುದ್ರದ ಕಡೆಯ ಒಂದು ಶಾಲೆಯಲ್ಲಿ ಹುಡುಗಿಯರಿಗೆ ಗಣಿತ ಹೇಳಿಕೊಡುತ್ತೇನೆ. ಈ ಸಲದ ವಿಜ್ಞಾನ ಪ್ರದರ್ಶನಕ್ಕೆ ಅವರು ಗೆಲಾಕ್ಸಿಗಳ ನಕ್ಷೆ ಮಾಡಿದರು. ಕಪ್ಪು ಹಲಗೆಯ ಮೇಲೆ ಗೆಲಾಕ್ಸಿಗೊಂದರಂತೆ ಬಿಳಿ ಎಳ್ಳು. ಕ್ಷೀರಪಥದ ಧೂಳೋ, ಹತ್ತಿರದ ನಕ್ಷತ್ರದ ಪ್ರಭೆಯೋ ಅಡ್ಡ ಬಂದು ಆಚೆಯದು ಕಾಣದ ಕಡೆಗೆಲ್ಲ ಖಾಕಿ ಕಾಗದ.

ಮೊದಲು ಅವರು ಇಡೀ ಹಲಗೆಯನ್ನು ಲೆಕ್ಕಕ್ಕೆ ಹಿಡಿದು, ಖಾಕಿ ಹೆಚ್ಚಿದ್ದ ಬಲಗಡೆ ಗೆಲಾಕ್ಸಿಗಳು ಕಡಿಮೆ ಎಂದರು.

“ಕಣದಾಗೆ ಟಾರ್ಪಾಲು ಹೊದಿಸಿದ ಕಡೆ ಶೇಂಗಾನೇ ಇಲ್ಲ ಅಂತೀರೇನ್ರೇ?” ಎಂದು ಗದರಿದೆ. ಖಾಕಿಯ ಅಳತೆ ಕಳೆದು, ಉಳಿದ ಜಾಗಕ್ಕೆ ಎಷ್ಟು ಎಳ್ಳು ಎಂದು ನೋಡಿದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ.

ಪ್ರದರ್ಶನದ ಖರ್ಚು ನನ್ನ ಮೈದುನನದು. ಎಣ್ಣೆ ಮಿಲ್ಲಿನ ಮಾಲೀಕ.

“ಅತ್ಗೆ, ತೇಪೆ ಹಾಕಿದ ಕಂಬ್ಳಿ ಇದ್ದಂಗೈತಲ್ರೀ! ಅತಿಥಿ ಬರೋದ್ರೊಳಗೆ ಕಾಗದದ ಮ್ಯಾಲೂ ಎಳ್ಳು ಅಂಟಿಸ್ಬಿಡ್ರಿ.”

“ಅಲ್ಲೇನೈತೆ ಅಂತ ನೋಡಿಲ್ಲ. ಅಂಟಿಸಲ್ಲ.”

“ಪಕ್ಕದಾಗಿದ್ದಂಗೇ ಇರ್ತೈತೆ. ಮಂಡಿಯಾಗೆ ಮೇಲಿನ ಚೀಲ ಚುಚ್ಚಿ ನೋಡ್ತೀವಿ, ಅಡೀದೂ ಹಂಗೇ ಅಂತ ಲೆಕ್ಕ.”

“ಅಡೀ ಚೀಲದಾಗೆ ಬೂಸ್ಟು ಬಂದಾಗ ಮಂಡಿಯವನಿಗೆ ಏನೇನು ಬೈದೆಯಪ್ಪಾ?”

ಹುಡುಗಿಯರು ಕಿಸಕ್ಕನೆ ನಕ್ಕರು. ಅವನ ಮುಖ ಕೆಂಪಾಯಿತು. “ಹಂಗಾದ್ರೆ ವೇದಿಕೆ ಮ್ಯಾಲೆ ಇದಕ್ಕೆ ಜಾಗ ಇಲ್ಲ.”

ನಗು ನಿಂತಿತು. ಎಳ್ಳು ಅಂಟಿಸಿ ಅಂಟಿಸಿ ಅವರ ಬೆರಳ ತುದಿಗಳ ಚರ್ಮ ಎದ್ದಿತ್ತು. ಒಬ್ಬಳು ಮೆಲ್ಲಗೆ, “ಒಂಚೂರು ಅಂಟಿಸೋಣೇನ್ರೀ ಟೀಚರ್?” ಎಂದಳು.

ಎಳ್ಳಿಗೂ ಎಳ್ಳಿಗೂ ನಡುವಿನ ದೂರ ಅಳೆದೇ ಗೆಲಾಕ್ಸಿಗಳು ಹೇಗೆ ಗುಂಪುಗೂಡಿವೆ ಎಂದು ತಿಳಿಯುವುದು. ನಾವು ಅಂಟಿಸಿದ್ದನ್ನೂ ಸೇರಿಸಿ ಅಳೆದರೆ ಸಿಗುವುದು ಆಕಾಶದ ಲೆಕ್ಕವಲ್ಲ, ನಮ್ಮ ಕೈಯ ಲೆಕ್ಕ ಎಂದೆ. “ಹಿಡೀರಿ ಹಲಗೆ.”

ಗೇಟಿನ ಒಳಗೋಡೆಗೆ ಅದನ್ನು ಒರಗಿಸಿ, ಅವರನ್ನು ಸಾಲಾಗಿ ನಿಲ್ಲಿಸಿದೆ. ವೇದಿಕೆಗೆ ಬೇರೆ ದಾರಿಯಿರಲಿಲ್ಲ.

ಅತಿಥಿ ಬಂದವರೇ ನಿಂತು, ಖಾಕಿಯ ಮೇಲೆ ಬೆರಳಿಟ್ಟು, “ಇಲ್ಲೇನಿದೆಯಮ್ಮಾ?” ಎಂದು ಸಾಲಿನ ಮೊದಲ ಹುಡುಗಿಯನ್ನು ಕೇಳಿದರು. ಹಾರ ಹಿಡಿದಿದ್ದ ಮೈದುನ ಹಿಂದಿನಿಂದ ಹುಡುಗಿಗೆ ಕಣ್ಸನ್ನೆ ಮಾಡಿದ.

“ಗೊತ್ತಿಲ್ಲ ಸರ್. ಕಾಣಲ್ಲ,” ಎಂದಳು, ಒಂಚೂರು ಅಂಟಿಸೋಣವೆಂದಿದ್ದ ಅದೇ ಹುಡುಗಿ.

“ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳೇ,” ಎಂದೆ ನಾನು.