ಅಣ್ಣನ ಹದಿಮೂರು ದಿನ

ನಮ್ಮಣ್ಣ ಅರ್ಗೀರಿಸ್ ಸೀರೋಸ್ ದ್ವೀಪದ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಓಡಿ ಬರದೆ, ನಿಂತಲ್ಲಿಂದಲೇ ಹತ್ತಡಿಗೂ ಮೀರಿ ಜಿಗಿಯುತ್ತಿದ್ದ. ೧೯೧೨ರಲ್ಲಿ ಸ್ವೀಡನ್ನಿನ ಒಲಿಂಪಿಕ್ಸ್‌ಗೆ ಕರೆ ಬಂತು. ಪತ್ರ ಓದಿ ತಾರೀಖು ಹೇಳಿದ ಪೆದ್ದ ನಾನೇ. ಅದು ನಮ್ಮ ಹಳೇ ಕ್ಯಾಲೆಂಡರಿನದೆಂದುಕೊಂಡೆ. ಅವರದು ಹದಿಮೂರು ದಿನ ಮುಂದಿತ್ತು. ಅಣ್ಣ ಟಿಕೆಟ್ಟಿನ ಬದಲು ಹಡಗಿನ ಕುಲುಮೆಗೆ ಕಲ್ಲಿದ್ದಲು ಹಾಕುತ್ತಾ ಅಲ್ಲಿ ತಲುಪುವಷ್ಟರಲ್ಲಿ ಅವನ ಸ್ಪರ್ಧೆ ಮುಗಿದುಹೋಗಿತ್ತು.

"ಮುಂದಿನ ಸಲ ನೋಡ್ಕೊಳ್ಳೋಣ ಬಿಡೋ" ಎಂದು ನನ್ನನ್ನೇ ಸಮಾಧಾನ ಮಾಡಿದ. ಮುಂದಿನ ಕೂಟವನ್ನು ಯುದ್ಧ ನುಂಗಿತು. ಆಮೇಲೆ ನಿಂತು ಜಿಗಿಯುವ ಸ್ಪರ್ಧೆಯನ್ನೇ ತೆಗೆದುಹಾಕಿದರು.

೧೯೨೩ರಲ್ಲಿ ನಮ್ಮ ಸರ್ಕಾರವೂ ಹದಿಮೂರು ದಿನ ಹಾರಿಸಿ ಅವರ ಕ್ಯಾಲೆಂಡರಿಗೇ ಸೇರಿತು. ಕಾಫಿ ಅಂಗಡಿಯವನು ನಕ್ಕ: "ಅರ್ಗೀರಿಸ್, ಇನ್ಮೇಲೆ ನೀನು ತಡವಾಗಲ್ಲ ಬಿಡಪ್ಪ!"

ಅಣ್ಣ ಕಪ್ಪು ಕೆಳಗಿಟ್ಟ. "ಹೌದು ಮಾರಾಯ. ಆದ್ರೆ ಎಲ್ಲಿಗೆ ಹೋಗ್ಲಿ?"